ಸೈನಿಕನ ಆರೋಗ್ಯವೂ ಶಾಸನ ಸಭೆಯೂ: ಸಿಕಂದರಾಬಾದಿನ ದಂಡನ್ನು ಕುರಿತ ಒಂದು ಇತಿಹಾಸ ವಿವೇಚನೆ

೧

ಕನ್ನಡ ನಾಡಿನ ಶಿಲಾಲೇಖಗಳನ್ನು ಪರಿಶೀಲಿಸಿದವರಿಗೆ ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ ಎಂಬ ಪದಗಳು ಅಪರಿಚಿತವಲ್ಲ. ಒಡೆಯನಿಗಾಗಿ ಹೋರಾಡಿದ ವೀರನಿಗೆ ಅಥವಾ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವುದು ಅರಸನ ಧರ್ಮವೆಂದು ಈ ನಾಡು ಒಂದು ಸಾವಿರ ವರ್ಷಗಳ ಹಿಂದೆಯೇ ಒಪ್ಪಿಕೊಂಡಿದ್ದಿತು. ಬೇಗೂರಿನ ಪ್ರಸಿದ್ಧ ವೀರಗಲ್ಲು ಕಾಳಗದಲ್ಲಿ ಮಡಿದ ನಾಗತ್ತರನ ಸಂಗತಿಯನ್ನು ಹೇಳಿ, ಆತನ ಪಟ್ಟವನ್ನೂ ಬೇಗೂರು ಹನ್ನೆರಡು ಹಳ್ಳಿಗಳ ಕಲ್ನಾಡನ್ನೂ ಇರುಗನಿಗೆ ಕೊಟ್ಟುದನ್ನು ಕಲ್ಲಿನಲ್ಲಿ ನಿಲ್ಲಿಸಿದೆ. ಆದರೆ ಈ ದತ್ತಿಗಳೆಲ್ಲವೂ ಶೌರ್ಯಕ್ಕೆ ಸಂದ ಗೌರವಗಳು. ಬಹುಪಾಲು ಸತ್ತವರ ಹೆಸರಿನವು. ಗಾಯಗೊಂಡು ಬದುಕುಳಿದವನು, ವಯಸ್ಸಾಗಿ ರೋಗಿಯಾದವನು ಅರಸನಿಂದ ಯಾವ ಚಿಕಿತ್ಸೆಯನ್ನು ಪಡೆದನು, ಆ ಚಿಕಿತ್ಸೆ ಒಳ್ಳೆಯದಾಗಿತ್ತೇ ಎಂಬುದನ್ನು ವಿಚಾರಿಸುವ ಸ್ಥಾನವೊಂದು ಅಂದಿನ ರಾಜ್ಯಪದ್ಧತಿಯಲ್ಲಿ ಇರಲಿಲ್ಲ.

ಆ ಸ್ಥಾನವು ಆಧುನಿಕ ಕಾಲದ ಸೃಷ್ಟಿ. ಅದರ ಹೆಸರು ಶಾಸನ ಸಭೆ. ಪ್ರಜೆಗಳ ಹಣದಿಂದ ಸೈನ್ಯವನ್ನು ಸಾಕುವ ರಾಜ್ಯದಲ್ಲಿ, ಆ ಹಣ ಹೇಗೆ ವೆಚ್ಚವಾಯಿತೆಂದು ಕೇಳುವ ಹಕ್ಕು ಪ್ರಜೆಗಳ ಪ್ರತಿನಿಧಿಗಳಿಗಿದೆ ಎಂಬುದು ಈಗ ಸರ್ವಸಮ್ಮತವಾದ ತತ್ತ್ವ. ಹಣ ವೆಚ್ಚವಾದುದರಿಂದ ಸೈನಿಕನಿಗೆ ಆದ ಪ್ರಯೋಜನವೇನು ಎಂಬ ಪ್ರಶ್ನೆ ಮಾತ್ರ ಬೇರೆ. ಈ ಎರಡು ಪ್ರಶ್ನೆಗಳೂ ಒಂದೇ ಎಂದು ಭಾವಿಸುವುದರಿಂದ ಉಂಟಾಗುವ ತೊಡಕುಗಳನ್ನು ಅರಿಯಲು ಹೈದರಾಬಾದಿನ ಮಗ್ಗುಲಿನಲ್ಲಿರುವ ಸಿಕಂದರಾಬಾದಿನ ದಂಡಿಗಿಂತ ತಕ್ಕ ನೆಲೆ ದಕ್ಷಿಣದಲ್ಲಿ ಮತ್ತೊಂದಿಲ್ಲ. ಏಕೆಂದರೆ ಸೈನಿಕರ ಆರೋಗ್ಯದ ವಿಚಾರಣೆಯ ಎಲ್ಲ ಘಟ್ಟಗಳೂ ಈ ಊರಿನ ಮೇಲೆ ಹಾದುಹೋಗಿವೆ.

೨

೧೭೯೮ರ ಒಪ್ಪಂದದಂತೆ ನಿಜಾಮನು ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸೈನ್ಯವನ್ನು ತನ್ನ ರಾಜಧಾನಿಯ ಬಳಿ ಇರಿಸಿಕೊಳ್ಳಲು ಒಪ್ಪಿದನು. ಹುಸೇನ್ ಸಾಗರದ ಉತ್ತರಕ್ಕೆ ನೆಲೆಯೂರಿದ ಆ ದಂಡಿಗೆ ೧೮೦೬ರಲ್ಲಿ ಸಿಕಂದರ್ ಜಾಹನ ಹೆಸರು ಬಂದಿತು. ಈ ಸೈನ್ಯದ ವೆಚ್ಚವನ್ನು ಭರಿಸಿದವರು ಯಾರೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. ೧೮೦೦ರಲ್ಲಿ ಆದ ಮತ್ತೊಂದು ಒಪ್ಪಂದದಿಂದ ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಸೀಮೆಗಳು ಸೈನ್ಯದ ಖರ್ಚಿಗೆಂದು ಕಂಪನಿಗೆ ಸೇರಿದವು. ‘ದತ್ತ ಮಂಡಲ’ಗಳೆಂಬ ಹೆಸರು ಅವುಗಳಿಗೆ ಆಗ ಬಂದುದು. ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಇನ್ನೊಂದು ಪಡೆಯ ಸಂಬಳದ ಬಾಕಿ ಬೆಳೆದು, ೧೮೫೩ರಲ್ಲಿ ಬೀರಾರ್, ಧಾರಾಶಿವ ಮತ್ತು ರಾಯಚೂರು ದೋಆಬಗಳನ್ನು ನಿಜಾಮನು ಕಂಪನಿಯ ಆಡಳಿತಕ್ಕೆ ಒಪ್ಪಿಸಬೇಕಾಯಿತು. ರಾಯಚೂರು ದೋಆಬವು ೧೮೬೦ರಲ್ಲಿ ಹಿಂದಿರುಗಿತು. ಬಳ್ಳಾರಿ ನಿಜಾಮನಿಗೆ ಮತ್ತೆ ಸೇರಲೇ ಇಲ್ಲ. ತುಂಗಭದ್ರೆಯ ಎರಡು ದಡಗಳ ರೈತನು ತೆತ್ತ ಕಂದಾಯದಿಂದ ಈ ದಂಡುಗಳು ನಡೆದವು. ಆ ಹಣದ ಬಗೆಗೆ ಒಂದು ಮಾತು ಕೇಳುವ ಅಧಿಕಾರ ಮಾತ್ರ ಆ ರೈತನಿಗೆ ಎಲ್ಲಿಯೂ ಇರಲಿಲ್ಲ.

ಸಿಕಂದರಾಬಾದಿನ ಹಳೆಯ ಬ್ಯಾರಕುಗಳು ಇಕ್ಕಟ್ಟಿಗೂ ಸಾವುನೋವಿಗೂ ಮದ್ರಾಸು ಸೈನ್ಯದಲ್ಲಿ ಕುಖ್ಯಾತವಾಗಿದ್ದವು. ಭಾರತದ ಉಳಿದ ದಂಡುಗಳ ಸ್ಥಿತಿಯೂ ಬಹಳ ಉತ್ತಮವೇನಾಗಿರಲಿಲ್ಲ. ೧೮೫೭ರ ದಂಗೆಯ ಅನಂತರ ಹೆಚ್ಚು ಸಂಖ್ಯೆಯ ಬ್ರಿಟಿಷ್ ಸೈನಿಕರನ್ನು ಇಲ್ಲಿ ಇರಿಸಬೇಕಾಗಿ ಬಂದಾಗ, ಅವರು ಗುಂಡಿಗಿಂತ ಹೆಚ್ಚಾಗಿ ಜ್ವರಕ್ಕೂ ಆಮಶಂಕೆಗೂ ವಾಂತಿಭೇದಿಗೂ ಬಲಿಯಾಗುತ್ತಿರುವುದು ಇಂಗ್ಲೆಂಡಿನ ಗಮನಕ್ಕೆ ಬಂದಿತು. ೧೮೫೯ರಲ್ಲಿ ಭಾರತದ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸಲು ರಾಯಲ್ ಕಮಿಷನ್ ಒಂದು ನೇಮಕವಾಯಿತು. ಅದರ ವರದಿ ೧೮೬೩ರಲ್ಲಿ ಎರಡು ಬೃಹತ್ ಸಂಪುಟಗಳಾಗಿ ಪಾರ್ಲಿಮೆಂಟಿನ ಮುಂದೆ ಬಂದಿತು. ಈ ವರದಿಯ ಹಿಂದಿನ ಶಕ್ತಿ ಫ್ಲಾರೆನ್ಸ್ ನೈಟಿಂಗೇಲ್. ಆಕೆ ತನ್ನ ಜೀವಮಾನದಲ್ಲಿ ಒಮ್ಮೆಯೂ ಭಾರತಕ್ಕೆ ಕಾಲಿಟ್ಟವಳಲ್ಲ. ಒಂದೊಂದು ದಂಡಿಗೂ ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ರೋಗಶಯ್ಯೆಯಲ್ಲಿಯೇ ಕುಳಿತು ಅಭ್ಯಸಿಸಿ, ತನ್ನ ಅಭಿಪ್ರಾಯಗಳನ್ನು ಬರೆದಳು. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಒಬ್ಬೊಬ್ಬ ರೋಗಿಗೆ ಎಷ್ಟು ಗಾಳಿಯ ಅವಕಾಶವಿದೆ ಎಂಬಂತಹ ಪ್ರಶ್ನೆಗಳು ಅವು.

ವರದಿಯ ತಿರುಳು ಒಂದೇ ಒಂದು ಅಂಕಿಯಲ್ಲಿ ಅಡಗಿದ್ದಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ ೬೯ ಮಂದಿ ಸಾಯುತ್ತಿದ್ದರು. ಈ ಸಂಖ್ಯೆಯನ್ನು ಪಾರ್ಲಿಮೆಂಟು ತಳ್ಳಿಹಾಕುವಂತಿರಲಿಲ್ಲ. ೧೮೬೪ರಲ್ಲಿ ಮೂರು ಪ್ರೆಸಿಡೆನ್ಸಿಗಳಲ್ಲಿಯೂ ನೈರ್ಮಲ್ಯ ಆಯೋಗಗಳು ಸ್ಥಾಪಿತವಾದವು. ಬ್ಯಾರಕುಗಳನ್ನು ಹೊಸದಾಗಿ ಕಟ್ಟಿಸುವ ಕೆಲಸ ಸಾಗಿತು. ಸಿಕಂದರಾಬಾದಿನಲ್ಲಿ ಬ್ರಿಟಿಷ್ ಪಡೆಗಳು ತಿರುಮಲಗಿರಿಯ ಎತ್ತರದ ನೆಲಕ್ಕೆ ಸರಿದವು. ಹತ್ತು ವರ್ಷಗಳ ಅನಂತರ, ೧೮೭೩ರಲ್ಲಿ, ನೈಟಿಂಗೇಲಳು ಸಾವಿನ ಪ್ರಮಾಣ ಸಾವಿರಕ್ಕೆ ೧೮ಕ್ಕೆ ಇಳಿದಿದೆಯೆಂದು ಬರೆಯಲು ಸಾಧ್ಯವಾಯಿತು.

ಈ ಯಶಸ್ಸಿನ ಒಳಗೇ ಒಂದು ದೊಡ್ಡ ಕೊರತೆಯೂ ಇದ್ದಿತು. ಎಣಿಕೆಗೆ ಮುಖ್ಯವಾಗಿ ಬಂದವರು ಬ್ರಿಟಿಷ್ ಸೈನಿಕರು. ದೇಶೀಯ ಸಿಪಾಯಿ ಅಲ್ಪ ಭತ್ಯೆ ಪಡೆದು ತನ್ನ ಗುಡಿಸಲನ್ನು ತಾನೇ ಕಟ್ಟಿಕೊಂಡು ‘ಲೈನು’ಗಳಲ್ಲಿ ಬಾಳುತ್ತಿದ್ದನು, ಕಾಯಿಲೆ ಬಿದ್ದರೆ ರೆಜಿಮೆಂಟಿನ ಸಣ್ಣ ಆಸ್ಪತ್ರೆಯಲ್ಲಿ ಅನ್ನವನ್ನೂ ಹಾಸಿಗೆಯನ್ನೂ ಬಹುಮಟ್ಟಿಗೆ ತಾನೇ ಒದಗಿಸಿಕೊಳ್ಳಬೇಕಾಗಿದ್ದಿತು. ಅಂತಹ ಆಸ್ಪತ್ರೆಯೊಂದಕ್ಕೆ ಸೇರಿದ ಬೇಗಂಪೇಟೆಯ ಕಟ್ಟಡದಲ್ಲಿ ೧೮೯೭ರ ಆಗಸ್ಟ್ ೨೦ರಂದು ರೊನಾಲ್ಡ್ ರಾಸ್ ಸೊಳ್ಳೆಯ ಒಡಲಿನಲ್ಲಿ ಮಲೇರಿಯದ ರೋಗಾಣುವನ್ನು ಕಂಡನು. ಲೋಕಕ್ಕೆಲ್ಲ ಉಪಕಾರವಾದ ಈ ಶೋಧದ ಮರುತಿಂಗಳೇ ಆತನನ್ನು ರಾಜಪುತಾನದ ಖೇರವಾಡಕ್ಕೆ ವರ್ಗಾಯಿಸಲಾಯಿತು. ಸಿಪಾಯಿಗಳ ಆಸ್ಪತ್ರೆಯಲ್ಲಿ ಏನು ನಡೆಯುತ್ತಿದೆಯೆಂದು ವಿಚಾರಿಸುವ ಪ್ರತಿನಿಧಿ ಸಭೆ ಯಾವುದೂ ಆಗ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

೩

ದೇಶೀಯ ಸಿಪಾಯಿಯ ಚಿಕಿತ್ಸೆ ಪಾರ್ಲಿಮೆಂಟಿನ ಚರ್ಚೆಗೆ ಬಂದುದು ಒಂದು ಘೋರ ದುರಂತದ ಮೂಲಕ. ಪ್ರಥಮ ಮಹಾಯುದ್ಧದಲ್ಲಿ ಭಾರತ ಸರ್ಕಾರವು ಮೆಸೊಪೊಟೇಮಿಯಕ್ಕೆ ಸೈನ್ಯವನ್ನು ಕಳುಹಿಸಿತು; ಆದರೆ ಅದಕ್ಕೆ ತಕ್ಕಷ್ಟು ವೈದ್ಯರನ್ನೂ ಆಸ್ಪತ್ರೆ ಹಡಗುಗಳನ್ನೂ ಗಾಯಾಳುಗಳನ್ನು ಸಾಗಿಸುವ ಬಂಡಿಗಳನ್ನೂ ಕಳುಹಿಸಲಿಲ್ಲ. ೧೯೧೫ರ ನವೆಂಬರಿನಲ್ಲಿ ಟೆಸಿಫಾನ್ ಕಾಳಗದಲ್ಲಿ ಗಾಯಗೊಂಡವರು ದಿನಗಟ್ಟಲೆ ಹಡಗಿನ ತಟ್ಟುಗಳ ಮೇಲೆ ಶುಶ್ರೂಷೆಯಿಲ್ಲದೆ ಬಿದ್ದಿದ್ದು ಬಸ್ರಾ ತಲುಪಿದರು. ಆ ಹಡಗಿನ ಸ್ಥಿತಿಯನ್ನು ಕಣ್ಣಾರೆ ಕಂಡು ವರದಿ ಮಾಡಿದ ಇಂಡಿಯನ್ ಮೆಡಿಕಲ್ ಸರ್ವಿಸಿನ ಮೇಜರ್ ಕಾರ್ಟರನಿಗೆ ಮೇಲಧಿಕಾರಿಗಳಿಂದ ದೊರೆತುದು ಮೆಚ್ಚುಗೆಯಲ್ಲ, ಬೆದರಿಕೆ.

ಸುದ್ದಿ ಲಂಡನ್ನಿಗೆ ತಲುಪಿದ ಮೇಲೆ ಪಾರ್ಲಿಮೆಂಟು ೧೯೧೬ರಲ್ಲಿ ಒಂದು ಪ್ರತ್ಯೇಕ ಕಾಯಿದೆಯನ್ನೇ ಮಾಡಿ ಮೆಸೊಪೊಟೇಮಿಯ ಆಯೋಗವನ್ನು ನೇಮಿಸಿತು. ೧೯೧೭ರಲ್ಲಿ ಪ್ರಕಟವಾದ ವರದಿ, ಭಾರತ ಸರ್ಕಾರದ ಅತಿಯಾದ ಮಿತವ್ಯಯವನ್ನೂ ಹೊಣೆಗಾರಿಕೆಯ ಗೊಂದಲವನ್ನೂ ನಿರ್ದಾಕ್ಷಿಣ್ಯವಾಗಿ ಬಯಲಿಗೆ ತಂದಿತು. ಜುಲೈ ತಿಂಗಳಲ್ಲಿ ಭಾರತ ಮಂತ್ರಿಯಾಗಿದ್ದ ಆಸ್ಟನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟನು. ಆತನ ಸ್ಥಾನಕ್ಕೆ ಬಂದ ಮಾಂಟೆಗೂ ಆಗಸ್ಟ್ ೨೦ರಂದು ಭಾರತಕ್ಕೆ ಕ್ರಮಕ್ರಮವಾಗಿ ಜವಾಬ್ದಾರಿ ಸರ್ಕಾರವನ್ನು ಕೊಡುವ ಘೋಷಣೆಯನ್ನು ಮಾಡಿದನು. ಸೈನಿಕರ ಆಸ್ಪತ್ರೆಗಳ ವೈಫಲ್ಯವೊಂದು ರಾಜ್ಯಾಂಗದ ಸುಧಾರಣೆಗೆ ಬಾಗಿಲು ತೆರೆದ ಈ ಪ್ರಸಂಗ ನಮ್ಮ ರಾಜಕೀಯ ಇತಿಹಾಸದಲ್ಲಿ ಇನ್ನೂ ಹೆಚ್ಚಿನ ವಿವೇಚನೆಗೆ ಅರ್ಹವಾಗಿದೆ. ಸಿಪಾಯಿಗೂ ಇದರಿಂದ ನೇರವಾದ ಪ್ರಯೋಜನವಾಯಿತು. ೧೯೧೮ರಲ್ಲಿ ದೇಶೀಯ ಪಡೆಗಳಿಗೂ ಸ್ಟೇಷನ್ ಆಸ್ಪತ್ರೆಗಳು ಮಂಜೂರಾದವು. ಅನ್ನವನ್ನೂ ಹಾಸಿಗೆಯನ್ನೂ ಹೊತ್ತುಕೊಂಡು ಆಸ್ಪತ್ರೆಗೆ ಹೋಗುವ ಪದ್ಧತಿ ಕೊನೆಗಂಡಿತು.

ಆದರೆ ಬಾಗಿಲು ಪೂರ್ತಿ ತೆರೆಯಲಿಲ್ಲ. ಅದೇ ಸುಧಾರಣೆಯ ಫಲವಾದ ೧೯೧೯ರ ಕಾಯಿದೆಯು ಸೈನ್ಯದ ವೆಚ್ಚವನ್ನು ಶಾಸನ ಸಭೆಯ ಮತಕ್ಕೆ ಒಳಪಡದ ವೆಚ್ಚವೆಂದು ಹೊರಗಿರಿಸಿತು. ೧೯೨೧ರಲ್ಲಿ ದೆಹಲಿಯಲ್ಲಿ ಸೇರಿದ ಕೇಂದ್ರ ಶಾಸನ ಸಭೆ ಸೈನ್ಯವನ್ನು ಕುರಿತು ಠರಾವು ಮಾಡಬಹುದಾಗಿದ್ದಿತು; ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಎಷರ್ ಸಮಿತಿಯ ವರದಿಯನ್ನು ಕುರಿತು ಮಂಡಿಸಿದ ಠರಾವುಗಳು ಪ್ರಸಿದ್ಧವಾಗಿವೆ. ಪ್ರಶ್ನೆಗಳನ್ನೂ ಕೇಳಬಹುದಾಗಿದ್ದಿತು. ಹಣವನ್ನು ತಡೆಯುವ ಶಕ್ತಿ ಮಾತ್ರ ಇರಲಿಲ್ಲ. ಅದೇ ವರ್ಷ ಹುಟ್ಟಿದ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಸರ್ಕಾರದ ಹಣಕಾಸು ಸದಸ್ಯನೇ ಅಧ್ಯಕ್ಷನಾಗಿದ್ದನು. ೧೯೩೫ರ ಕಾಯಿದೆಯೂ ಈ ಏರ್ಪಾಡನ್ನು ಬದಲಿಸಲಿಲ್ಲ.

ದೇಶೀಯ ಸಂಸ್ಥಾನಗಳ ಸೈನಿಕನು ಇನ್ನೂ ಒಂದು ಹೆಜ್ಜೆ ದೂರದಲ್ಲಿದ್ದನು. ಮೈಸೂರು, ಹೈದರಾಬಾದ್, ಜೋಧಪುರಗಳ ಅಶ್ವದಳಗಳು ಈಜಿಪ್ಟ್ ಮತ್ತು ಪ್ಯಾಲೆಸ್ಟೈನುಗಳಲ್ಲಿ ಒಂದೇ ಬ್ರಿಗೇಡಿನಲ್ಲಿ ಹೋರಾಡಿದವು. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ನಗರವನ್ನು ಹಿಡಿದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಗುರುತು. ಊರಿಗೆ ಮರಳಿದ ಆ ಸವಾರರ ಪಾಲನೆ ಆಯಾ ಸಂಸ್ಥಾನದ ಹೊಣೆಯಾಗಿದ್ದಿತು. ಮೈಸೂರಿನಲ್ಲಿ ೧೮೮೧ರಿಂದ ಪ್ರಜಾಪ್ರತಿನಿಧಿ ಸಭೆಯೂ ಹೈದರಾಬಾದಿನಲ್ಲಿ ೧೮೯೩ರಿಂದ ಶಾಸನ ಪರಿಷತ್ತೂ ಇದ್ದರೂ ಸೈನ್ಯದ ಮೇಲೆ ಹತೋಟಿ ಈ ಸಭೆಗಳಿಗೆ ಇರಲಿಲ್ಲ. ಸಿಕಂದರಾಬಾದಿನ ದಂಡಿನ ನಿವಾಸಿಗಾದರೋ, ಆ ಪ್ರದೇಶ ಬ್ರಿಟಿಷ್ ಇಂಡಿಯಕ್ಕೆ ಸೇರಿದ್ದಲ್ಲವಾದುದರಿಂದ, ದೆಹಲಿಯ ಸಭೆಯಲ್ಲಿ ಪ್ರತಿನಿಧಿಯೂ ಇರಲಿಲ್ಲ. ಹಣ ಒಬ್ಬರದು, ದೇಹ ಮತ್ತೊಬ್ಬರದು, ವಿಚಾರಣೆಯ ಅಧಿಕಾರ ಮೂರನೆಯವರದು ಎಂಬ ಸ್ಥಿತಿ ಸ್ವಾತಂತ್ರ್ಯದವರೆಗೂ ಮುಂದುವರಿಯಿತು.

೪

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಒಂದಾಯಿತು. ೧೯೫೦ರ ಸಂವಿಧಾನವು ರಕ್ಷಣಾ ವೆಚ್ಚವನ್ನು ಲೋಕಸಭೆಯ ಮತಕ್ಕೆ ಒಪ್ಪಿಸಿತು. ಲೆಕ್ಕ ನಿಯಂತ್ರಕ ಮತ್ತು ಮಹಾಲೆಕ್ಕ ಪರಿಶೋಧಕರಿಗೆ ಸ್ವತಂತ್ರ ಸ್ಥಾನವನ್ನು ಕೊಟ್ಟಿತು. ಲೆಕ್ಕಪತ್ರ ಸಮಿತಿ ಸಂಸತ್ತಿನ ಸ್ವಂತ ಸಮಿತಿಯಾಯಿತು. ಮೂವತ್ತು ವರ್ಷಗಳಿಂದ ಮುಚ್ಚಿದ್ದ ಬಾಗಿಲು ಈಗ ತೆರೆದಿದ್ದಿತು.

ಆದರೂ ಮಾಜಿ ಸೈನಿಕನ ಆರೋಗ್ಯವು ಈ ಬಾಗಿಲಿನಿಂದ ಒಳಗೆ ಬರಲು ಅರ್ಧ ಶತಮಾನ ಹಿಡಿಯಿತು. ಇದರ ಕಾರಣವನ್ನು ಸೈನ್ಯದ ಸೇವಾಕ್ರಮದಲ್ಲಿಯೇ ಹುಡುಕಬೇಕು. ಸಾಮಾನ್ಯ ಜವಾನನು ಹದಿನೈದು ಹದಿನೇಳು ವರ್ಷಗಳ ಸೇವೆಯ ಅನಂತರ, ಇನ್ನೂ ನಲವತ್ತು ತುಂಬುವ ಮೊದಲೇ ನಿವೃತ್ತನಾಗುತ್ತಾನೆ. ಆ ವಯಸ್ಸಿನಲ್ಲಿ ಆತನಿಗೆ ಬೇಕಾದುದು ಉದ್ಯೋಗ, ವೈದ್ಯನಲ್ಲ. ಆದುದರಿಂದ ಸರ್ಕಾರದ ಚಿಂತನೆಯೂ ಸೈನಿಕ ಮಂಡಳಿಗಳ ಕಾರ್ಯವೂ ಪುನರ್ವಸತಿಯ ಸುತ್ತಲೇ ನಡೆದವು. ಕಾಯಿಲೆ ಬೀಳುವ ವಯಸ್ಸು ಬಂದಾಗ ಆತನು ದಂಡಿನಿಂದ ದೂರದ ತನ್ನ ಹಳ್ಳಿಯಲ್ಲಿರುತ್ತಿದ್ದನು. ಸೈನಿಕ ಆಸ್ಪತ್ರೆಗಳಲ್ಲಿ ಅವಕಾಶವಿದ್ದರೆ ಚಿಕಿತ್ಸೆ ದೊರೆಯುತ್ತಿತ್ತು. ಆದರೆ ಆ ಆಸ್ಪತ್ರೆಗಳು ಮೊದಲು ಸೇವೆಯಲ್ಲಿರುವವರಿಗೆ ಸಲ್ಲತಕ್ಕವು. ತಿರುಮಲಗಿರಿಯ ಸೈನಿಕ ಆಸ್ಪತ್ರೆಯಾಗಲಿ ಗೋಲ್ಕೊಂಡದ ಆಸ್ಪತ್ರೆಯಾಗಲಿ ಬೀದರಿನ ಹಳ್ಳಿಯ ಮುದುಕನಿಗೆ ಹೆಸರಿಗೆ ಮಾತ್ರ ತೆರೆದಿದ್ದವು. ಇದಕ್ಕೆ ಹೋಲಿಸಿದರೆ ಕೇಂದ್ರ ಸರ್ಕಾರದ ಕಚೇರಿ ನೌಕರನಿಗೆ ೧೯೫೪ರಲ್ಲಿಯೇ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ ಆರಂಭವಾಗಿದ್ದಿತೆಂಬುದು ಗಮನಾರ್ಹ.

ಈ ಅನ್ಯಾಯವನ್ನು ಕುರಿತು ಮಾತನಾಡಲು ಮಾಜಿ ಸೈನಿಕರಿಗೆ ಒಂದು ಸಂಘಟನೆ ಬೇಕಾಗಿದ್ದಿತು. ಅದನ್ನು ಕಟ್ಟುವುದರಲ್ಲಿ ಮುಂದಾದವರು ಕೊಡಗಿನ ಕೆ. ಎಂ. ಕಾರ್ಯಪ್ಪನವರು. ೧೯೫೩ರಲ್ಲಿ ನಿವೃತ್ತರಾದ ಅವರು ೧೯೬೪ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗನ್ನು ಸ್ಥಾಪಿಸಿದರು; ೧೯೭೧ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ೧೯೮೪ರಲ್ಲಿ ಕೆ. ಪಿ. ಸಿಂಗ್ ದೇವ್ ಅವರ ಅಧ್ಯಕ್ಷತೆಯ ಉನ್ನತ ಸಮಿತಿ ಮಾಜಿ ಸೈನಿಕರ ಸಮಸ್ಯೆಗಳನ್ನು ಸಮಗ್ರವಾಗಿ ಪರಿಶೀಲಿಸಿತು. ಕಡೆಗೆ ೨೦೦೨ರ ಡಿಸೆಂಬರ್ ೩೦ರಂದು ಸರ್ಕಾರದ ಮಂಜೂರಾತಿ ದೊರೆತು, ೨೦೦೩ರ ಏಪ್ರಿಲ್ ೧ರಿಂದ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆ, ಅಂದರೆ ಇ. ಸಿ. ಎಚ್. ಎಸ್., ಜಾರಿಗೆ ಬಂದಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ರಕ್ಷಣಾ ಸಚಿವಾಲಯದಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆ ಹುಟ್ಟಿತು.

ಯೋಜನೆಯ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಪಿಂಚಣಿದಾರನು ಒಂದೇ ಸಲ ವಂತಿಗೆ ಕಟ್ಟಿ ಸದಸ್ಯನಾಗುತ್ತಾನೆ. ೧೯೯೬ಕ್ಕೆ ಮೊದಲು ನಿವೃತ್ತರಾದವರಿಗೂ ಯುದ್ಧದಲ್ಲಿ ಮಡಿದವರ ಪತ್ನಿಯರಿಗೂ ವಂತಿಗೆಯಿಲ್ಲ. ಕಾಯಿಲೆ ಬಂದರೆ ಮೊದಲು ಪಾಲಿಕ್ಲಿನಿಕ್ಕಿಗೆ ಹೋಗಬೇಕು. ಅಲ್ಲಿಂದ ಸೈನಿಕ ಆಸ್ಪತ್ರೆಗೋ, ಪಟ್ಟಿಗೆ ಸೇರಿದ ಖಾಸಗಿ ಆಸ್ಪತ್ರೆಗೋ ಕಳುಹಿಸುತ್ತಾರೆ. ಖಾಸಗಿ ಆಸ್ಪತ್ರೆ ರೋಗಿಯಿಂದ ಹಣ ಪಡೆಯದೆ ಚಿಕಿತ್ಸೆ ಮಾಡಿ, ನಿಗದಿಯಾದ ದರದಂತೆ ಸರ್ಕಾರಕ್ಕೆ ಬಿಲ್ಲು ಕಳುಹಿಸುತ್ತದೆ. ಆರಂಭದಲ್ಲಿ ೨೨೭ ಪಾಲಿಕ್ಲಿನಿಕ್ಕುಗಳು ಮಂಜೂರಾದವು; ೨೦೧೦ರಲ್ಲಿ ಇನ್ನೂ ೧೯೯ ಸೇರಿದವು. ಯೋಜನೆಯ ಪ್ರಾದೇಶಿಕ ಕೇಂದ್ರಗಳಲ್ಲಿ ಹೈದರಾಬಾದಿನದೂ ಒಂದು.

ಯೋಜನೆಯ ಹೊರಗೆ ಉಳಿದವರೂ ಇದ್ದರು. ಪಿಂಚಣಿಯಿಲ್ಲದೆ ಮನೆಗೆ ಹೋದ ಎರಡನೆಯ ಮಹಾಯುದ್ಧದ ಯೋಧರು, ತುರ್ತು ನೇಮಕದ ಅಧಿಕಾರಿಗಳು, ಅಲ್ಪಾವಧಿ ಸೇವೆಯ ಅಧಿಕಾರಿಗಳು ಮೊದಲಾದವರನ್ನು ಸೇರಿಸಿಕೊಳ್ಳಲು ಮಂತ್ರಿಮಂಡಲ ಒಪ್ಪಿದುದು ೨೦೧೯ರ ಮಾರ್ಚಿಯಲ್ಲಿ. ಇದರಿಂದ ೪೦,೦೦೦ಕ್ಕೂ ಹೆಚ್ಚು ಜನರಿಗೆ ಅನುಕೂಲವಾಗುವುದೆಂದು ಅಂದಾಜಾಗಿದ್ದಿತು. ೧೯೪೫ರಲ್ಲಿ ಮುಗಿದ ಯುದ್ಧದ ಸೈನಿಕನಿಗೆ ಈ ಹಕ್ಕು ಬರಲು ಎಪ್ಪತ್ತನಾಲ್ಕು ವರ್ಷಗಳು ಬೇಕಾದವು. ಅಷ್ಟು ಕಾಲ ಬದುಕಿದ್ದವರು ಅದನ್ನು ಪಡೆದರು.

೫

ಈಗ ಸಂಸತ್ತಿನ ಮೇಲ್ವಿಚಾರಣೆಯ ಸಾಧನಗಳನ್ನು ನೋಡಬೇಕು. ಇವುಗಳಲ್ಲಿ ಮುಖ್ಯವಾದುದು ೧೯೯೩ರಲ್ಲಿ ಆರಂಭವಾದ ಇಲಾಖಾವಾರು ಸ್ಥಾಯೀ ಸಮಿತಿಗಳ ಪದ್ಧತಿ. ರಕ್ಷಣಾ ಸ್ಥಾಯೀ ಸಮಿತಿಯಲ್ಲಿ ಲೋಕಸಭೆಯ ೨೧ ಮತ್ತು ರಾಜ್ಯಸಭೆಯ ೧೦ ಸದಸ್ಯರಿರುತ್ತಾರೆ. ನಿವೃತ್ತ ಮೇಜರ್ ಜನರಲ್ ಬಿ. ಸಿ. ಖಂಡೂರಿಯವರಂತಹ, ಸೈನ್ಯವನ್ನು ಒಳಗಿನಿಂದ ಬಲ್ಲವರೂ ಅದರ ಅಧ್ಯಕ್ಷರಾಗಿದ್ದುದುಂಟು. ರಕ್ಷಣಾ ಬೇಡಿಕೆಗಳನ್ನು ಪರಿಶೀಲಿಸುವಾಗ ಈ ಸಮಿತಿ ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನೂ ಕೈಗೆತ್ತಿಕೊಂಡು, ಹಣದ ಕೊರತೆ, ಆಸ್ಪತ್ರೆಗಳ ಬಾಕಿ, ವೈದ್ಯರ ಹುದ್ದೆಗಳು ಮುಂತಾದ ವಿಷಯಗಳನ್ನು ಚರ್ಚಿಸಿದೆ. ಶಿಫಾರಸುಗಳಿಗೆ ಸರ್ಕಾರ ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಸದನದಲ್ಲಿ ಚರ್ಚೆಯೇ ಇಲ್ಲದೆ ಬೇಡಿಕೆಗಳೆಲ್ಲ ಅಂಗೀಕೃತವಾದ ೨೦೧೮ರಂತಹ ವರ್ಷದಲ್ಲಿ, ಮಾಜಿ ಸೈನಿಕನ ಔಷಧಿಯ ಮಾತು ಸಂಸತ್ತಿನ ಆವರಣದಲ್ಲಿ ಕೇಳಿಬಂದಿದ್ದರೆ ಅದು ಈ ಸಮಿತಿಯ ಕೊಠಡಿಯಲ್ಲಿಯೇ.

ಆದರೆ ಸಮಿತಿಗೆ ಎರಡು ಮಿತಿಗಳಿವೆ. ಅದರ ವರದಿ ಸರ್ಕಾರಕ್ಕೆ ಸಲಹೆಯೇ ಹೊರತು ಆಜ್ಞೆಯಲ್ಲ. ಎರಡನೆಯದಾಗಿ, ಸಚಿವಾಲಯಗಳ ದೈನಂದಿನ ಆಡಳಿತದ ವಿಷಯಗಳನ್ನು ಸಮಿತಿ ವಿಚಾರಿಸಕೂಡದೆಂದು ಸದನದ ನಿಯಮವೇ ಹೇಳುತ್ತದೆ. ಇದು ವಿವೇಕದ ನಿಯಮ. ಆಡಳಿತವನ್ನು ಶಾಸಕರು ನಡೆಸತೊಡಗಿದರೆ ಹೊಣೆಗಾರರು ಯಾರೆಂಬುದೇ ತಿಳಿಯದೆ ಹೋಗುವುದು. ಆದರೆ ಚಿಕಿತ್ಸೆಯ ಗುಣವೆಂಬುದು ಯಾವ ಕಡತದಲ್ಲಿ ಕಾಣಿಸುತ್ತದೆ? ಸೋಮವಾರ ಬಂದವನಿಗೆ ಔಷಧ ಇರಲಿಲ್ಲ, ಗುರುವಾರ ಬಂದವನಿಗೆ ವೈದ್ಯನಿರಲಿಲ್ಲ, ತುರ್ತಾಗಿ ಹೋದವನನ್ನು ಖಾಸಗಿ ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ ಎಂಬುದೆಲ್ಲ ದೈನಂದಿನ ಆಡಳಿತವೇ. ಅಂತಹ ಸಾವಿರ ದಿನಗಳ ಮೊತ್ತವನ್ನೇ ನಾವು ಗುಣವೆಂದೂ ಅದರ ಅಭಾವವೆಂದೂ ಕರೆಯುತ್ತೇವೆ.

ಈ ಕೊರತೆಯನ್ನು ಲೆಕ್ಕ ಪರಿಶೋಧನೆ ಸ್ವಲ್ಪಮಟ್ಟಿಗೆ ತುಂಬಿತು. ೨೦೧೫ರ ಡಿಸೆಂಬರಿನಲ್ಲಿ ಮಹಾಲೆಕ್ಕ ಪರಿಶೋಧಕರು ಈ ಯೋಜನೆಯ ಕಾರ್ಯನಿರ್ವಹಣೆಯನ್ನು ಕುರಿತು ಒಂದು ವರದಿಯನ್ನು ಸಂಸತ್ತಿಗೆ ಒಪ್ಪಿಸಿದರು. ಪಾಲಿಕ್ಲಿನಿಕ್ಕುಗಳಲ್ಲಿ ಔಷಧಗಳ ಅಭಾವ, ಕಟ್ಟಡ ಮತ್ತು ಸಲಕರಣೆಗಳ ಕೊರತೆ, ಸದಸ್ಯತ್ವದ ಕಾರ್ಡುಗಳ ಲೋಪ, ಖಾಸಗಿ ಆಸ್ಪತ್ರೆಗಳ ಹೆಚ್ಚಿನ ಬಿಲ್ಲುಗಳು, ಬಿಲ್ಲುಗಳ ಇತ್ಯರ್ಥದಲ್ಲಿ ವಿಳಂಬ ಇವು ಅದರಲ್ಲಿ ಬಯಲಾದವು. ಕೊನೆಯ ಎರಡು ಅಂಶಗಳ ನಡುವಣ ಸಂಬಂಧ ಗಮನಿಸತಕ್ಕದ್ದು. ಬಿಲ್ಲು ಹೆಚ್ಚಾಗಿದೆಯೆಂಬ ಶಂಕೆಯಿಂದ ಸರ್ಕಾರ ತನಿಖೆ ಮಾಡುತ್ತದೆ. ತನಿಖೆಯಿಂದ ಪಾವತಿ ತಡವಾಗುತ್ತದೆ. ಪಾವತಿ ತಡವಾದ ಆಸ್ಪತ್ರೆ ಈ ರೋಗಿಗಳನ್ನು ಹಿಂದಕ್ಕೆ ಹಾಕುತ್ತದೆ, ಇಲ್ಲವೆ ಪಟ್ಟಿಯಿಂದಲೇ ಹೊರಬರುತ್ತದೆ. ಸಾಲಗಾರ ಒಬ್ಬ, ಸಾಲಿಗ ಇನ್ನೊಬ್ಬ. ಬಡ್ಡಿ ತೆರುವವನು ಮಾತ್ರ ಇಬ್ಬರಲ್ಲಿ ಯಾರೂ ಅಲ್ಲದ ಮುದಿ ಸೈನಿಕ. ಲೆಕ್ಕ ಪರಿಶೋಧಕರ ಕಣ್ಣಿಗೆ ಸರ್ಕಾರ ಕಳೆದುಕೊಂಡ ಹಣ ಕಾಣುತ್ತದೆ. ರೋಗಿ ಕಳೆದುಕೊಂಡ ದಿನಗಳು ಯಾವ ಖಾತೆಯಲ್ಲಿಯೂ ನಮೂದಾಗುವುದಿಲ್ಲ.

ಮೂರನೆಯ ಸಾಧನ ಅರ್ಜಿ. ಸಮಾನ ದರ್ಜೆಗೆ ಸಮಾನ ಪಿಂಚಣಿ ಬೇಕೆಂಬ ಮಾಜಿ ಸೈನಿಕರ ಬೇಡಿಕೆಯನ್ನು ರಾಜ್ಯಸಭೆಯ ಅರ್ಜಿಗಳ ಸಮಿತಿ ಭಗತ್ ಸಿಂಗ್ ಕೋಶ್ಯಾರಿಯವರ ಅಧ್ಯಕ್ಷತೆಯಲ್ಲಿ ಪರಿಶೀಲಿಸಿ ೨೦೧೧ರಲ್ಲಿ ಕೊಟ್ಟ ವರದಿ, ಆ ಹೋರಾಟದಲ್ಲಿ ಬಹುದೊಡ್ಡ ಆಧಾರವಾಯಿತು. ಪಿಂಚಣಿಯಾದರೆ ಎಲ್ಲರಿಗೂ ಒಟ್ಟಿಗೆ ಸಂಬಂಧಿಸಿದ ಹಕ್ಕು. ಅದಕ್ಕೆ ಒಂದು ಅಂಕಿಯಿದೆ. ಚಿಕಿತ್ಸೆಯ ದುಃಖ ಒಬ್ಬೊಬ್ಬರದೂ ಬೇರೆ ಬೇರೆ. ಆದುದರಿಂದ ಅದು ಸುಲಭವಾಗಿ ಒಂದು ಅರ್ಜಿಯಾಗಿ ಕೂಡಿಬರುವುದಿಲ್ಲ.

೬

ಚಿಕಿತ್ಸೆಗೂ ಅಂಕಿಗಳನ್ನು ಕೊಟ್ಟ ದೇಶದಲ್ಲಿ ಏನಾಯಿತೆಂಬುದನ್ನು ನೋಡುವುದು ಇಲ್ಲಿ ಪ್ರಯೋಜನಕರ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳನ್ನು ಸರ್ಕಾರವೇ ನಡೆಸುತ್ತದೆ. ಅವುಗಳ ಮೇಲೆ ಕಣ್ಣಿಡಲು ಪ್ರತಿನಿಧಿ ಸಭೆಯಲ್ಲಿ ೧೯೪೭ರಿಂದ ಪ್ರತ್ಯೇಕ ಸಮಿತಿಯಿದೆ. ರೋಗಿಗಳು ವೈದ್ಯರಿಗಾಗಿ ಎಷ್ಟು ದಿನ ಕಾಯುತ್ತಾರೆಂಬುದನ್ನು ಅಲ್ಲಿ ಅಳೆಯುತ್ತಿದ್ದರು. ೨೦೧೪ರ ಏಪ್ರಿಲಿನಲ್ಲಿ ಆ ಸಮಿತಿಯ ವಿಚಾರಣೆಯೊಂದರಲ್ಲಿ ಫೀನಿಕ್ಸ್ ನಗರದ ಆಸ್ಪತ್ರೆಯ ಸಂಗತಿ ಹೊರಬಿದ್ದಿತು. ಇಲಾಖೆಯ ಸ್ವತಂತ್ರ ಪರೀಕ್ಷಕರು ೨೨೬ ರೋಗಿಗಳ ದಾಖಲೆಗಳನ್ನು ನೋಡಿದಾಗ, ಆಸ್ಪತ್ರೆ ಸರಾಸರಿ ೨೪ ದಿನಗಳೆಂದು ತಿಳಿಸಿದ್ದ ಕಾಯುವ ಅವಧಿ ನಿಜವಾಗಿ ೧೧೫ ದಿನಗಳಾಗಿದ್ದಿತು. ಸುಮಾರು ೧,೭೦೦ ಮಂದಿಯ ಹೆಸರು ಅಧಿಕೃತ ಪಟ್ಟಿಯಲ್ಲಿಯೇ ಇರಲಿಲ್ಲ. ವಿಳಂಬದಿಂದಲೇ ಸಾವುಗಳು ಸಂಭವಿಸಿದವೆಂದು ನಿಶ್ಚಯವಾಗಿ ಹೇಳಲು ಪರೀಕ್ಷಕರಿಗೆ ಸಾಧ್ಯವಾಗಲಿಲ್ಲ. ಆದರೂ ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಆಗಸ್ಟಿನಲ್ಲಿ ಹೊಸ ಕಾಯಿದೆ ಬಂದು, ಬಹಳ ಕಾಯಬೇಕಾದವರು ಖಾಸಗಿ ವೈದ್ಯರ ಬಳಿಗೆ ಹೋಗಲು ಅವಕಾಶವಾಯಿತು.

ಇದರಿಂದ ತಿಳಿದುಬರುವುದೇನು? ಅಳೆಯುವುದಷ್ಟೇ ಸಾಲದು, ಅಳೆಯುವವನು ಅಳೆಸಿಕೊಳ್ಳುವವನಿಂದ ಬೇರೆಯಾಗಿರಬೇಕು. ೧೮೬೩ರ ಅಂಕಿಯ ಬಲವೂ ಇಲ್ಲಿಯೇ ಇದ್ದಿತು. ಪ್ರಶ್ನಾವಳಿಗಳನ್ನು ತುಂಬಿದವರು ದಂಡುಗಳ ಅಧಿಕಾರಿಗಳೇ ಆದರೂ ಸಾವನ್ನು ಅವರು ಮರೆಮಾಚುವಂತಿರಲಿಲ್ಲ. ಗೋರಿಗಳನ್ನು ಯಾರಾದರೂ ಎಣಿಸಬಹುದಾಗಿದ್ದಿತು. ಕಾಯುವ ದಿನಗಳನ್ನು ಬರೆಯುವ ಲೇಖನಿ ಮಾತ್ರ ಆಸ್ಪತ್ರೆಯ ಕೈಯಲ್ಲಿಯೇ ಇರುತ್ತದೆ.

ನಮ್ಮಲ್ಲಿ ಮತ್ತೊಂದು ತೊಡಕೂ ಇದೆ. ಸೈನ್ಯ ಕೇಂದ್ರಪಟ್ಟಿಯ ವಿಷಯ; ಆಸ್ಪತ್ರೆಗಳೂ ಔಷಧಾಲಯಗಳೂ ರಾಜ್ಯಪಟ್ಟಿಯವು. ೧೯೫೬ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ, ಕಲಬುರಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬೀದರಿನಿಂದ ಬೆಂಗಳೂರು ಸುಮಾರು ೭೦೦ ಕಿಲೋಮೀಟರು. ಹೈದರಾಬಾದು ಸುಮಾರು ೧೫೦. ಹೃದಯದ ಬೇನೆಯಿಂದ ನರಳುವ ಬೀದರಿನ ಮಾಜಿ ಸೈನಿಕನು ಹೈದರಾಬಾದಿನ ಖಾಸಗಿ ಆಸ್ಪತ್ರೆಗೆ ಬಂದನೆನ್ನೋಣ. ಆತನ ಚಿಕಿತ್ಸೆಯ ಹಣಕ್ಕೆ ದೆಹಲಿಯ ಸಂಸತ್ತು ಹೊಣೆ. ಆ ಆಸ್ಪತ್ರೆಯ ನೋಂದಣಿಯೂ ನಿಯಂತ್ರಣವೂ ತೆಲಂಗಾಣ ರಾಜ್ಯದ ಅಧಿಕಾರ. ಆತನು ಮತ ಹಾಕಿದ ಶಾಸಕನು ಬೆಂಗಳೂರಿನಲ್ಲಿ ಕುಳಿತಿದ್ದಾನೆ. ಖಾಸಗಿ ವೈದ್ಯಕೀಯ ಸಂಸ್ಥೆಗಳನ್ನು ಕುರಿತ ೨೦೦೭ರ ಕರ್ನಾಟಕ ಕಾಯಿದೆ ಗಡಿಯ ಆಚೆಗೆ ಸಲ್ಲುವುದಿಲ್ಲ. ಮೂರು ಶಾಸನ ಸಭೆಗಳ ನೆರಳು ಆತನ ಹಾಸಿಗೆಯ ಮೇಲೆ ಬೀಳುತ್ತದೆ. ಆ ಹಾಸಿಗೆಯ ಬಳಿಗೆ ಬಂದು ವಿಚಾರಿಸುವ ಹೊಣೆ ಮೂರರಲ್ಲಿ ಯಾವುದಕ್ಕೂ ಪೂರ್ಣವಾಗಿ ಸೇರಿಲ್ಲ.

೭

ಮೇಲಿನ ಇತಿಹಾಸವನ್ನು ಒಟ್ಟಾಗಿ ನೋಡಿದರೆ ಒಂದು ವಿಪರ್ಯಾಸ ಎದ್ದುಕಾಣುತ್ತದೆ. ಸೈನಿಕನಿಗೆ ಯಾವ ರೀತಿಯಲ್ಲಿಯೂ ಉತ್ತರವಾದಿಯಲ್ಲದಿದ್ದ ಲಂಡನ್ನಿನ ಪಾರ್ಲಿಮೆಂಟು ೧೮೬೩ರಲ್ಲಿ ಚಿಕಿತ್ಸೆಯ ಫಲವನ್ನು ಎಣಿಸಿತು; ಆದರೆ ನಮ್ಮ ಸಿಪಾಯಿಯನ್ನು ಎಣಿಕೆಯಲ್ಲಿ ಹಿಂದಕ್ಕಿಟ್ಟಿತು. ೧೯೨೧ರ ಸಭೆ ಆ ಸಿಪಾಯಿಯ ಪರವಾಗಿ ಮಾತನಾಡಿತು. ಆದರೆ ಮತದ ಬಲವಿರಲಿಲ್ಲ. ಇಂದಿನ ಸಂಸತ್ತಿಗೆ ಮತವೂ ಇದೆ, ಸ್ವತಂತ್ರ ಪರಿಶೋಧಕರೂ ಇದ್ದಾರೆ, ಸ್ಥಾಯೀ ಸಮಿತಿಯೂ ಇದೆ. ಅದರ ಪ್ರಶ್ನೆಗಳು ಬಹುಮಟ್ಟಿಗೆ ಎಷ್ಟು ಪಾಲಿಕ್ಲಿನಿಕ್ಕುಗಳು, ಎಷ್ಟು ಹುದ್ದೆಗಳು, ಎಷ್ಟು ಕೋಟಿ ಬಾಕಿ ಎಂಬಲ್ಲಿಗೆ ನಿಲ್ಲುತ್ತವೆ.

ಈ ಪ್ರಶ್ನೆಗಳು ವ್ಯರ್ಥವೆಂದು ಹೇಳುವಂತಿಲ್ಲ. ಬಾಕಿ ತೀರದೆ ಆಸ್ಪತ್ರೆ ಬಾಗಿಲು ತೆರೆಯದು. ಆದರೆ ಇವುಗಳ ಜೊತೆಗೆ ಇನ್ನು ಕೆಲವು ಪ್ರಶ್ನೆಗಳು ಸೇರಬೇಕಾಗಿದೆ. ಪಾಲಿಕ್ಲಿನಿಕ್ಕಿನಿಂದ ಆಸ್ಪತ್ರೆಯ ಹಾಸಿಗೆಯವರೆಗೆ ಎಷ್ಟು ದಿನ ಹಿಡಿಯಿತು? ಬರೆದ ಔಷಧಗಳಲ್ಲಿ ಎಷ್ಟು ದೊರೆತವು? ಎಷ್ಟು ಮಂದಿಯನ್ನು ಆಸ್ಪತ್ರೆಗಳು ಹಿಂದಕ್ಕೆ ಕಳುಹಿಸಿದವು? ಒಂದೇ ಶಸ್ತ್ರಚಿಕಿತ್ಸೆಯ ಅನಂತರ ಒಂದೊಂದು ಆಸ್ಪತ್ರೆಯಲ್ಲಿಯೂ ಎಷ್ಟು ಮಂದಿ ಗುಣ ಹೊಂದಿ ಮನೆಗೆ ಹೋದರು? ಇವುಗಳಿಗೆ ಉತ್ತರಗಳನ್ನು ಯೋಜನೆಯನ್ನು ನಡೆಸುವವರಲ್ಲದ ಬೇರೆಯವರು ಸಂಗ್ರಹಿಸಿ, ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಇರಿಸುವಂತಾದರೆ, ದೈನಂದಿನ ಆಡಳಿತದಲ್ಲಿ ಕೈಹಾಕದೆಯೇ ಸ್ಥಾಯೀ ಸಮಿತಿ ಚಿಕಿತ್ಸೆಯ ಗುಣವನ್ನು ವಿಚಾರಿಸಬಹುದು. ಆಸ್ಪತ್ರೆಗಳಿರುವ ರಾಜ್ಯಗಳ ಶಾಸನ ಸಭೆಗಳಿಗೂ ಆ ವರದಿ ಹೋಗಬೇಕಾದುದು ನ್ಯಾಯ.

ಕನ್ನಡದಲ್ಲಿ ಶಾಸನವೆಂಬ ಒಂದೇ ಮಾತು ಕಲ್ಲಿನ ಬರೆಹಕ್ಕೂ ಸಭೆಯ ಕಾಯಿದೆಗೂ ಸಲ್ಲುತ್ತದೆ. ಹಿಂದಿನ ಶಾಸನ ಮಡಿದವನ ಹೆಸರನ್ನು ಉಳಿಸಿತು. ಬದುಕಿರುವವನ ಯೋಗಕ್ಷೇಮವನ್ನು ಕೇಳುವುದು ಇಂದಿನ ಶಾಸನದ ಕರ್ತವ್ಯ. ಬಳ್ಳಾರಿ ರಾಯಚೂರುಗಳ ಕಂದಾಯದಿಂದ ಬೆಳೆದ ದಂಡಿನ ನೆರೆಯಲ್ಲಿ ಬಾಳುತ್ತಿರುವ ಕನ್ನಡಿಗರಿಗೆ, ಆ ಕರ್ತವ್ಯ ನೆರವೇರುತ್ತಿದೆಯೇ ಎಂದು ತಮ್ಮ ಪ್ರತಿನಿಧಿಗಳನ್ನು ಕೇಳುವ ಅಧಿಕಾರ ಈಗ ಇದೆ. ಅವರ ಪೂರ್ವಿಕರಿಗೆ ಇರಲಿಲ್ಲ.